ಇನ್ನು ಎರಡೇ ಪುಟ

ಖಾಲಿ ಸಭಾಂಗಣ ಎಂದೂ ಸುಮ್ಮನಿರುವುದಿಲ್ಲ. ಮಾಡಿನ ತಗಡು ಬಿಸಿಲಿಗೆ ಹಿಗ್ಗಿ ಟಕ್ ಎನ್ನುತ್ತದೆ, ಯಾವುದೋ ಮಡಿಸುವ ಕುರ್ಚಿ ತಾನಾಗಿ ಮೇಲೇಳುತ್ತದೆ, ಹಳೇ ಟ್ಯೂಬ್‌ಲೈಟು ಗುಂಯ್‌ಗುಡುತ್ತದೆ. ಹದಿನಾಲ್ಕು ವರ್ಷ ಹಾಲಿನ ಹಿಂಬದಿಯ ಗಾಜಿನ ಕೋಣೆಯಲ್ಲಿ ಕೂತ ಹೆಂಗಸಿಗೆ ಈ ಸದ್ದುಗಳೆಲ್ಲ ಮನೆಮಂದಿಯ ಕೆಮ್ಮಿನಷ್ಟೇ ಪರಿಚಯ. ಹಾಗಾಗಿ ಆ ಸೋಮವಾರ ಬೆಳಿಗ್ಗೆ, ಹಾಲಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಹೊತ್ತಿನಲ್ಲಿ, ಹೆಡ್‌ಫೋನಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡಾಗ ಅದು ತಗಡೂ ಅಲ್ಲ, ಕುರ್ಚಿಯೂ ಅಲ್ಲ ಎಂದು ಅವಳಿಗೆ ತಟ್ಟನೆ ಗೊತ್ತಾಯಿತು. ವೇದಿಕೆಯ ಮೈಕನ್ನು ಅವಳೇ ಕಿತ್ತು, ತಂತಿ ಸುತ್ತಿ, ಡಬ್ಬದಲ್ಲಿಟ್ಟು ಹದಿನೆಂಟು ದಿನವಾಗಿತ್ತು. ಕಿತ್ತಿಟ್ಟ ಮೈಕಿಗೆ ಗಂಟಲೆಲ್ಲಿಂದ ಬರಬೇಕು? ಅವಳು ಹೆಡ್‌ಫೋನು ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಬೋರಲು ಹಾಕಿದ ಮೇಲೂ ಅದರೊಳಗೆ ಯಾರೋ ಕಾದಿದ್ದಾರೆ ಎನಿಸುವುದು ನಿಲ್ಲಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಕುಲಪತಿಗಳಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಮೈಕಕ್ಕ. ಮೊದಲು ಆ ಗಾಜಿನ ಕೋಣೆ ಅವಳ ಗಂಡನದಾಗಿತ್ತು. ಅವನು ತೀರಿಕೊಂಡ ಮೇಲೆ ಅನುಕಂಪದ ಆಧಾರದ ಮೇಲೆ ಕೆಲಸ ಇವಳಿಗೆ ಬಂತು. ಅಲ್ಲಿಯವರೆಗೆ ಅಡುಗೆಮನೆಯ ಮಿಕ್ಸರ್ ಒಂದು ಬಿಟ್ಟು ಬೇರೆ ಮಿಕ್ಸರ್ ಮುಟ್ಟಿ ಗೊತ್ತಿರದಿದ್ದ ಹೆಂಗಸು, ಐದು ವರ್ಷದ ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಗಂಡ ಒಂದೊಂದು ಗುಂಡಿಯ ಕೆಳಗೂ ಅಂಟಿಸಿದ್ದ ಚೀಟಿ ಓದಿ ಓದಿ ಕೆಲಸ ಕಲಿತಳು. ಚೀಟಿಗಳ ಶಾಯಿ ಮಾಸಿದಾಗ ಅವನ ಅಕ್ಷರದ ಮೇಲೇ ತಿದ್ದಿದಳೇ ಹೊರತು ಹೊಸ ಚೀಟಿ ಅಂಟಿಸಲಿಲ್ಲ.

ಅವನು ಮಾಡಿಟ್ಟಿದ್ದ ಇನ್ನೊಂದು ಏರ್ಪಾಟನ್ನೂ ಅವಳು ಹಾಗೇ ಬಿಟ್ಟಿದ್ದಳು. ವೇದಿಕೆಯಿಂದ ಬಂದ ಮೈಕಿನ ತಂತಿ ಗಾಜಿನ ಕೋಣೆ ಹೊಕ್ಕ ಕೂಡಲೇ ಎರಡು ಕವಲಾಗುತ್ತಿತ್ತು. ಒಂದು ಕವಲು, ಮೇಲೆ ಕೆಳಗೆ ಜಾರಿಸುವ ಗುಂಡಿಯ ಮೂಲಕ ಹಾಲಿನ ಸ್ಪೀಕರುಗಳಿಗೆ ಹೋಗುತ್ತಿತ್ತು. ಇನ್ನೊಂದು ಗುಂಡಿಯ ಹಂಗೇ ಇಲ್ಲದೆ ನೇರವಾಗಿ ರೆಕಾರ್ಡರಿಗೂ ಅವಳ ಹೆಡ್‌ಫೋನಿಗೂ. ಗುಂಡಿ ಇಳಿಸಿದರೆ ಸಭೆಯ ಪಾಲಿಗೆ ಮಾತು ಸತ್ತಿತು. ರೆಕಾರ್ಡರಿನ ಪಾಲಿಗೆ ಬದುಕಿಯೇ ಇರುತ್ತಿತ್ತು. ಜನ ಕೇಳಲಿ ಬಿಡಲಿ, ಆಡಿದ ಮಾತು ಎಲ್ಲಾದರೂ ಒಂದು ಕಡೆ ಉಳಿಯಬೇಕು ಎನ್ನುತ್ತಿದ್ದ ಆ ಮನುಷ್ಯ. ನಿಯಮದ ಪ್ರಕಾರ ರೆಕಾರ್ಡ್ ಮಾಡಬೇಕಾದ್ದು ಘಟಿಕೋತ್ಸವದ ಭಾಷಣ ಮಾತ್ರ. ಮೈಕಕ್ಕ ಮಾತ್ರ ಗಂಡನ ಹಾಗೆಯೇ ಬೀಳ್ಕೊಡುಗೆ, ಶ್ರದ್ಧಾಂಜಲಿ, ಚರ್ಚಾಸ್ಪರ್ಧೆ ಯಾವುದನ್ನೂ ಬಿಡದೆ ಕೆಂಪು ಗುಂಡಿ ಒತ್ತುತ್ತಿದ್ದಳು. ಹಾಗೆ ಒತ್ತುತ್ತಾಳೆಂಬುದು ಅವಳಿಗೆ ಬಿಟ್ಟು ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಹದಿನೆಂಟು ದಿನದ ಹಿಂದೆ ಭಾಷಣಕ್ಕೆ ಬಂದಿದ್ದವರು ಒಬ್ಬ ನಿವೃತ್ತ ಪ್ರಾಧ್ಯಾಪಕರು. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ವರದಿ ಮೇಷ್ಟ್ರು. ರಾಜಕೀಯ ಚಳವಳಿಗೆ ಇಳಿದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸೀಟು ಕೊಡಬಾರದು ಎಂದು ಸರ್ಕಾರಕ್ಕೆ ವರದಿ ಬರೆದುಕೊಟ್ಟವರು ಅವರೇ. ಅದನ್ನು ಸಮರ್ಥಿಸಿ ಮಾತಾಡಲು ಅವರನ್ನು ಕರೆದದ್ದೇ ತಡ, ಒಂದು ವಾರ ಊರಿಗೆ ಬೇರೆ ಕೆಲಸವೇ ಇರಲಿಲ್ಲ. ಕರೆಯಬಾರದಿತ್ತು ಎಂದವರು ಅರ್ಧ, ಕರೆದ ಮೇಲೆ ಕೇಳಲೇಬೇಕು ಎಂದವರು ಅರ್ಧ. ಪೇಪರಿನಲ್ಲಿ, ಟೀವಿಯಲ್ಲಿ, ಗೋಡೆಗಳ ಮೇಲೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಕೊನೆಗೆ ಎರಡು ಅರ್ಧವೂ ಸೇರಿ ಆ ದಿನ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಬೇಡ ಎಂದವರ ಮುಂಚೂಣಿಯಲ್ಲಿ, ವೇದಿಕೆಯ ಮೆಟ್ಟಿಲ ಬುಡದಲ್ಲಿ, ಮೈಕಕ್ಕನ ಮಗಳಿದ್ದಳು. ಎರಡನೇ ವರ್ಷದ ವಿದ್ಯಾರ್ಥಿನಿ. ಅವಳ ಗೆಳತಿಯರಲ್ಲಿ ಮೂವರಿಗೆ ಹಾಸ್ಟೆಲ್ ಸೀಟು ಹೋಗುವುದೆಂದರೆ ಓದೇ ಹೋದ ಹಾಗಿತ್ತು.

ಮೇಷ್ಟ್ರು ಮೂರು ನಿಮಿಷ ಮಾತಾಡಿರಬಹುದು. ಕೂಗು ಎದ್ದಿತು. ಕೂಗಿಗೆ ಪ್ರತಿಕೂಗು. ಹಾಲಿನ ಪಕ್ಕದ ಬಾಗಿಲಲ್ಲಿ ನಿಂತಿದ್ದ ಕುಲಸಚಿವರು ಗಾಜಿನ ಕೋಣೆಯ ಕಡೆ ನೋಡಿ ಕೈ ಎತ್ತಿದರು. ಆ ಬಾಗಿಲಿಗೂ ಈ ಕೋಣೆಗೂ ನಡುವೆ ಬಹಳ ವರ್ಷಗಳಿಂದ ಕೈಭಾಷೆಯೊಂದು ನಡೆದುಬಂದಿತ್ತು. ಅಂಗೈ ಮೇಲಾದರೆ ಸದ್ದು ಏರಿಸು, ಕೆಳಗಾದರೆ ಇಳಿಸು, ಮುಷ್ಟಿ ಎಂದರೆ ನಿಲ್ಲಿಸು. ಕುಲಸಚಿವರು ಮುಷ್ಟಿ ಹಿಡಿದರು. ಮೈಕಕ್ಕ ಗುಂಡಿಯನ್ನು ತಳಕ್ಕೆ ಜಾರಿಸಿದಳು. ಯೋಚಿಸಲು ಅದರಲ್ಲೇನಿದೆ, ಹದಿನಾಲ್ಕು ವರ್ಷ ಮಾಡಿದ್ದೂ ಅದನ್ನೇ.

ಆಮೇಲಿನದು ಅವಳೊಬ್ಬಳ ಕಿವಿಗೆ ಬಂದದ್ದು. ಗಾಜಿನಾಚೆ ಸಭೆ ಬಾಯಿ ತೆರೆದು ಮುಚ್ಚುತ್ತಿತ್ತು. ಹೆಡ್‌ಫೋನಿನಲ್ಲಿ ಆ ಗದ್ದಲವೆಲ್ಲ ದೂರದ ಸಂತೆಯಾಗಿ, ಮೇಷ್ಟ್ರ ಉಸಿರು ಮಾತ್ರ ಕಿವಿಗೆ ಅಂಟಿಕೊಂಡಷ್ಟು ಹತ್ತಿರವಿತ್ತು. ಅವರು ಮೈಕನ್ನು ಎರಡು ಸಲ ಬೆರಳಿಂದ ತಟ್ಟಿದರು. ಇಡೀ ಹಾಲಿನ ತಲೆಗಳ ಮೇಲಿಂದ ಕಣ್ಣೆತ್ತಿ ಗಾಜಿನ ಕೋಣೆಯನ್ನು, ಅದರೊಳಗಿನ ಅವಳನ್ನು ನೋಡಿದರು.

"ಅಮ್ಮಾ, ಮೈಕು ಹೋದ ಹಾಗಿದೆ. ಸ್ವಲ್ಪ ನೋಡ್ತೀರಾ?"

ಮೈಕಕ್ಕ ಪಕ್ಕದ ಬಾಗಿಲ ಕಡೆ ನೋಡಿದಳು. ಮುಷ್ಟಿ ಇನ್ನೂ ಮುಷ್ಟಿಯಾಗಿಯೇ ಇತ್ತು. ಅವಳ ಬೆರಳು ಗುಂಡಿಯ ಮೇಲಿತ್ತು, ಅಲ್ಲೇ ಉಳಿಯಿತು. ಮೇಷ್ಟ್ರು ಒಂದು ಗಳಿಗೆ ಕಾದು, ಕನ್ನಡಕ ಸರಿಮಾಡಿಕೊಂಡು, ಯಾರಿಗೂ ಕೇಳಿಸದ ಭಾಷಣವನ್ನು ಹನ್ನೊಂದು ನಿಮಿಷ ಓದಿದರು. ನಡುವೆ ಇನ್ನೆರಡು ಸಲ ತಲೆಯೆತ್ತಿ ಅದೇ ಮಾತನ್ನು ಅದೇ ಮರ್ಯಾದೆಯಿಂದ ಅವಳನ್ನು ಕೇಳಿದರು. ಕೊನೆಗೆ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಮೂರನೆಯ ದಿನ ಬೆಳಿಗ್ಗೆ ವಾಕಿಂಗಿಗೆಂದು ಬೂಟಿನ ಲೇಸು ಕಟ್ಟಿಕೊಳ್ಳಲು ಕೂತವರು ಕುರ್ಚಿಯಿಂದ ಏಳಲಿಲ್ಲ.

ಅಲ್ಲಿಂದ ಶುರುವಾಯಿತು. ಬಾಯಿ ಮುಚ್ಚಿಸಿ ಕೊಂದರು ಎಂದು ಒಂದು ಕಡೆಯವರು ಕಪ್ಪು ಬ್ಯಾನರು ಕಟ್ಟಿದರು. ಮೈಕು ನಿಂತ ಮೇಲೆ ಆ ಮುದುಕ ನಮ್ಮ ಅಪ್ಪ ಅಮ್ಮನನ್ನು ಸೇರಿಸಿ ಬೈದ, ತುಟಿ ನೋಡಿದರೇ ಗೊತ್ತಾಗುತ್ತಿತ್ತು ಎಂದು ಇನ್ನೊಂದು ಕಡೆಯವರು. ಅದು ಅವರ ಕೊನೆಯ ಸಂದೇಶವಾಗಿತ್ತು ಎಂದು ಟೀವಿಯಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಇವರೆಲ್ಲರ ಕೈಗೆ ಸಿಕ್ಕ ಸಾಕ್ಷಿ ಎಂದರೆ ಒಂದು ಫೋಟೋ: ಮೈಕಕ್ಕನ ಮಗಳು ಒಂದು ಕಾಲನ್ನು ವೇದಿಕೆಯ ಮೆಟ್ಟಿಲ ಮೇಲಿಟ್ಟು, ಮೇಷ್ಟ್ರು ನಿಂತಿದ್ದ ಪೋಡಿಯಂ ಹಿಂದೆ ಕೈ ಚಾಚಿದ್ದಾಳೆ. 'ವೈರ್ ಕಿತ್ತ ಕೈ' ಎಂದು ಪತ್ರಿಕೆ ತಲೆಬರಹ ಕೊಟ್ಟಿತು. ಕಿತ್ತಿದ್ದು ಘೋರ ಎಂದವರೂ ಕಿತ್ತಿದ್ದು ಭೇಷ್ ಎಂದವರೂ ಕಿತ್ತಳು ಎಂಬುದರಲ್ಲಿ ಮಾತ್ರ ಒಂದಾದರು. ಗೆಳೆಯರು ಅವಳನ್ನು 'ವೈರು' ಎಂದು ಕರೆಯತೊಡಗಿದರು. ಕ್ಯಾಂಟೀನಿನಲ್ಲಿ ಅವಳು ಹೋದರೆ ಎದ್ದು ಜಾಗ ಬಿಡುತ್ತಿದ್ದರು. ಅವಳು ತಾನು ಕಿತ್ತೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಮೇಷ್ಟ್ರ ಹೆಂಡತಿ ಬರೆದ ಅರ್ಜಿಯ ಮೇಲೆ ವಿಚಾರಣಾ ಸಮಿತಿ ಕೂತಿತು. ವೈರ್ ಕಿತ್ತದ್ದು ರುಜುವಾತಾದರೆ ಡಿಬಾರ್, ಅದೂ ಬೇರೆ ಯಾವ ವಿಶ್ವವಿದ್ಯಾಲಯವೂ ಸೇರಿಸಿಕೊಳ್ಳದ ಹಾಗೆ. ಕುಲಸಚಿವರು ಮೈಕಕ್ಕನನ್ನು ತಮ್ಮ ಕೋಣೆಗೆ ಕರೆಸಿ, ಕೂರಿಸಿ, ಕಾಫಿ ತರಿಸಿದರು. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಸಿಕ್ಕ ಮೊದಲ ಕಾಫಿ ಅದು. ಮುಷ್ಟಿಯ ವಿಷಯ ಅವಳು ಎತ್ತಿದಾಗ ಅವರು ಹುಡುಗರನ್ನು ಸುಮ್ಮನಿರಿಸಲು ಕೈ ಆಡಿಸಿದ್ದು ನೆನಪಿದೆ, ಮುಷ್ಟಿಗಿಷ್ಟಿ ನೆನಪಿಲ್ಲ ಎಂದರು. ಆಮೇಲೆ ಧ್ವನಿ ತಗ್ಗಿಸಿದರು.

"ನೋಡಿ ಮೈಕಕ್ಕ, ವೈರು ಕಿತ್ತಿದ್ದು ಅಂತಾನೇ ಇರ್ಲಿ. ನಾನು ಮಾತಾಡಿ ಶಿಕ್ಷೆ ಒಂದು ವರ್ಷಕ್ಕೆ ಇಳಿಸ್ತೀನಿ. ನಿಮ್ಮ ಕೈ ಅಂತ ಆದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ಮಗಳನ್ನ ಓದಿಸೋರು ಯಾರು? ಹೆತ್ತೋರು ನೀವು, ಯೋಚ್ನೆ ಮಾಡಿ."

ಯೋಚನೆ ಮಾಡಲು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹದಿನೆಂಟು ದಿನದಿಂದ ಅವಳು ಮಾಡುತ್ತಿದ್ದುದೇ ಅದನ್ನು. ರೆಕಾರ್ಡರಿನಲ್ಲಿ ಆ ಹನ್ನೊಂದು ನಿಮಿಷ ಕೂದಲು ಕೊಂಕದೆ ಇತ್ತು. ವೈರ್ ಕಿತ್ತಿದ್ದರೆ ರೆಕಾರ್ಡೂ ನಿಲ್ಲಬೇಕಿತ್ತಲ್ಲ? ಮಗಳ ಮೇಲಿನ ಆರೋಪ ಅರೆಗಳಿಗೆಯಲ್ಲಿ ಕಳಚಿ ಬೀಳುವಂಥ ಸಾಕ್ಷಿ. ಅದನ್ನು ಕೊಡದಿರಲು ಕೆಲಸದ ಭಯ ಒಂದೇ ಕಾರಣವಾಗಿದ್ದರೆ ಅವಳು ಎಂದೋ ಕೊಟ್ಟುಬಿಡುತ್ತಿದ್ದಳು. ಏಳನೆಯ ನಿಮಿಷದಲ್ಲಿ ಮೈಕಿಗೆ ತೀರ ಹತ್ತಿರದಿಂದ ಇನ್ನೊಂದು ಧ್ವನಿ ಬಂದಿತ್ತು. ಆ ಧ್ವನಿ ತೊದಲು ಮಾತಾಡುತ್ತಿದ್ದಾಗಿನಿಂದ ಅವಳಿಗೆ ಗೊತ್ತು.

"ಸಾಯೋ ವಯಸ್ಸಲ್ಲಿ ಇನ್ನೂ ಎಷ್ಟು ಮಕ್ಕಳ ಹೊಟ್ಟೆ ಮೇಲೆ ಹೊಡೀತೀಯ? ಹೋಗಿ ಸಾಯಿ."

ಅದಕ್ಕೆ ಮೇಷ್ಟ್ರು ಓದುವುದನ್ನು ನಿಲ್ಲಿಸಿ ಉತ್ತರ ಕೊಟ್ಟಿದ್ದರು. "ಹೋಗ್ತೀನಮ್ಮ. ಇನ್ನು ಎರಡೇ ಪುಟ ಇದೆ."

ವ್ಯಂಗ್ಯವಿರಲಿಲ್ಲ, ಕೋಪವಿರಲಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಾಗ ಆಡುವಂಥ ಮಾತು. ಆ ಮಾತು ಈಗ ಅವಳ ಬೆನ್ನು ಬಿದ್ದಿತ್ತು. ನಲ್ಲಿ ತಿರುಗಿಸಿದರೆ ನೀರು ಬರುವ ಮುಂಚಿನ ಗಾಳಿಯಲ್ಲಿ ಅದು ಕೇಳುತ್ತಿತ್ತು. ಕುಕ್ಕರ್ ಕೂಗುವ ಮೊದಲು ಉಸಿರೆಳೆದುಕೊಳ್ಳುವಾಗ ಕೇಳುತ್ತಿತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನ ಮುದುಕರು ಕೆಮ್ಮಿದರೆ ಅವಳು ತಿರುಗಿ ನೋಡದೆ ಮುಂದಿನ ಸ್ಟಾಪಿನಲ್ಲೇ ಇಳಿದು ನಡೆಯುತ್ತಿದ್ದಳು. ಖಾಲಿ ಹಾಲಿನಲ್ಲಂತೂ ಹೇಳುವುದೇ ಬೇಡ. ಗಾಜಿನಾಚೆ ಪೋಡಿಯಂ ತನ್ನಷ್ಟಕ್ಕೆ ನಿಂತಿರುತ್ತಿತ್ತು, ಅದರ ಹಿಂದೆ ಯಾರೂ ಇಲ್ಲ ಎಂಬುದನ್ನು ಅವಳು ದಿನಕ್ಕೆ ಹತ್ತು ಸಲ ನೋಡಿ ಖಚಿತ ಮಾಡಿಕೊಳ್ಳಬೇಕಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕೋಣೆಯ ಚಿಲಕ ಹಾಕಿಕೊಂಡು ಅವಳು ಕತ್ತರಿಸುವ ಕೆಲಸಕ್ಕೆ ಕೂತಳು. ಕೆಲಸ ಕಷ್ಟದ್ದಲ್ಲ. ಮಗಳ ಮಾತು ಆರು ಸೆಕೆಂಡು. ಅದನ್ನು ಎತ್ತಿ ಬಿಸಾಡಿ, ಅದೇ ದಿನದ ಗದ್ದಲದ ಇನ್ನೊಂದು ತುಂಡನ್ನು ಅಲ್ಲಿ ಕೂರಿಸಿ, ಅಂಚುಗಳನ್ನು ಸವರಿದಳು. ಹೊಲಿಗೆ ಎಲ್ಲಿದೆ ಎಂದು ಅವಳ ಗಂಡನೇ ಎದ್ದು ಬಂದರೂ ಹೇಳಲಾಗುತ್ತಿರಲಿಲ್ಲ. ಮೊದಲಿಂದ ಕೇಳಿಸಿಕೊಂಡಳು. ಮೇಷ್ಟ್ರು ಓದುತ್ತಾರೆ, ಓದುತ್ತಾರೆ, ನಿಲ್ಲಿಸುತ್ತಾರೆ. ಆರು ಸೆಕೆಂಡು ಯಾರೂ ಏನೂ ಹೇಳುವುದಿಲ್ಲ. ಆಮೇಲೆ ಆ ಯಾರೂ ಇಲ್ಲದ ಕಡೆಗೆ ತಿರುಗಿ ಅವರು ಮೆಲ್ಲಗೆ ಹೇಳುತ್ತಾರೆ: ಹೋಗ್ತೀನಮ್ಮ. ಇನ್ನು ಎರಡೇ ಪುಟ ಇದೆ.

ಉತ್ತರವನ್ನೂ ಕತ್ತರಿಸಿದರೆ ಎಲ್ಲ ಸರಿಹೋಗುತ್ತಿತ್ತು. ಇನ್ನು ಮೂರು ಸೆಕೆಂಡು, ಅಷ್ಟೇ. ಬೆರಳು ಅಲ್ಲಿಗೆ ಹೋಯಿತು ಕೂಡ. ಒಂದು ಸಲ ಬದುಕಿದ್ದವರ ಬಾಯಿ ಮುಚ್ಚಿಸಿದ ಬೆರಳು ಅದು. ಎರಡನೆಯ ಸಲ ಅದು ಒತ್ತಲಿಲ್ಲ. ಎರಡನ್ನೂ, ಕತ್ತರಿಸಿದ್ದನ್ನೂ ಕತ್ತರಿಸದ್ದನ್ನೂ, ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರು ಮನೆಯವರೆಗೆ ನಡೆದುಬರುವ ಹಾಗೆ.

ವಿಚಾರಣೆಗೆ ಮುಂಚಿನ ಭಾನುವಾರ ಬೆಳಿಗ್ಗೆ ಮಗಳು ತಿಂಡಿ ತಿಂದು ಏಳುವಾಗ ಮೈಕಕ್ಕ ಅವಳನ್ನು ಕೂರಿಸಿದಳು. ಗುಂಡಿ ಇಳಿಸಿದ್ದು ತಾನು ಎಂದು ಹೇಳಿದಳು. ಮುಷ್ಟಿ, ಎರಡು ಕವಲಿನ ತಂತಿ, ಕೆಂಪು ಗುಂಡಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮಗಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವಳಿಗೆ ಬಂದದ್ದು ನಗುವೋ ಸಿಟ್ಟೋ ಅವಳಿಗೇ ತಿಳಿದಂತಿರಲಿಲ್ಲ.

"ನನ್ನ ಕೈಗೆ ಹಾರ ಹಾಕೋದೊಂದು ಬಾಕಿ ಇಟ್ಟಿದ್ರು ಇವ್ರು. ಮಾಡಿದ್ದು ನೀನಾ? ನಮ್ಮಮ್ಮ? ಲೈಟ್ ಬಿಲ್ ಕಟ್ಟೋ ಲೈನಲ್ಲಿ ಕೂಡ ಮುಂದೆ ನುಗ್ಗದೋಳು?"

"ಮಾಡು ಅಂದ್ರು, ಮಾಡಿದೆ ಪುಟ್ಟಿ."

"ಅದನ್ನೇ ನಾವು ಬೇಡ ಅಂತ ಕೂಗ್ತಿದ್ದಿದ್ದು," ಎಂದಳು ಮಗಳು.

ಹಾಗಿದ್ದರೆ ಇಷ್ಟು ದಿನ ಇಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ತಾಯಿ ಕೇಳಿದಳು. ಮಗಳು ತಟ್ಟೆಯ ಅಂಚನ್ನು ಉಜ್ಜುತ್ತ ಕೂತಳು. ಮೊದಲ ದಿನವೇ ಎಲ್ಲರೂ ತಾನೇ ಎಂದುಬಿಟ್ಟರು, ಗೆಳತಿಯರು ಅಪ್ಪಿಕೊಂಡು ಅತ್ತರು, ಆಮೇಲೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ಆಮೇಲೆ ಅವರು ಸತ್ತೇಹೋದರು ಎಂದಳು. ಮೈಕಕ್ಕ ಅವಳ ಕಿವಿಗೆ ಹೆಡ್‌ಫೋನು ಹಾಕಿದಳು. ಚಿಕ್ಕಂದಿನಲ್ಲಿ ಗಾಜಿನ ಕೋಣೆಯಲ್ಲಿ ಹಟ ಮಾಡಿದಾಗ ಹೀಗೇ ಹಾಕಿ ಸುಮ್ಮನಿರಿಸುತ್ತಿದ್ದಳು. ಯಾವುದನ್ನು ಮೊದಲು ಕೇಳಿಸಬೇಕೆಂದು ರಾತ್ರಿಯೆಲ್ಲ ತೂಗಿ, ಕತ್ತರಿಸಿದ್ದನ್ನೇ ಮೊದಲು ಹಾಕಿದ್ದಳು. ಮಗಳಿಗೆ ಇಷ್ಟೇ ಸಾಕು ಎನಿಸಿದರೆ ಇನ್ನೊಂದು ಚೀಲದಲ್ಲೇ ಉಳಿಯಲಿ ಎಂಬ ಆಸೆ.

ಮಗಳು ಕೇಳುತ್ತ ಹೋದಳು. ಬೈಗುಳ ಇರಲಿಲ್ಲ, ಕೊನೆಯ ಸಂದೇಶವೂ ಇರಲಿಲ್ಲ. ಹಾಜರಾತಿ, ಹಾಸ್ಟೆಲ್ ಕೋಣೆಗಳ ಕೊರತೆ, ಅನುಬಂಧ ನಾಲ್ಕು, ಅನುಬಂಧ ಐದು. ನಿದ್ದೆ ಬರಿಸುವಂಥ, ಯಾವ ತರಗತಿಯಲ್ಲಾದರೂ ಕೇಳಬಹುದಾದ ಭಾಷಣ. ಅವಳ ಮುಖದಲ್ಲಿ ಬೇಸರ ಕೂಡ ಕಾಣಿಸಿಕೊಂಡಿತು. ಇದಕ್ಕಾ ಅಷ್ಟು ಕೂಗಿದ್ದು ಎನ್ನುವ ಬೇಸರ. ಇದ್ದಕ್ಕಿದ್ದಂತೆ ಹೆಡ್‌ಫೋನು ಕಿತ್ತು ಹಿಡಿದುಕೊಂಡಳು.

"ಅಮ್ಮ, ಇದ್ರಲ್ಲಿ ಅವ್ರು ಯಾರ ಜೊತೆ ಮಾತಾಡ್ತಿದಾರೆ?"

ಮೈಕಕ್ಕ ಚೀಲಕ್ಕೆ ಕೈ ಹಾಕಿದಳು. ಇನ್ನೊಂದನ್ನು ಹಾಕಿದಳು. ಮಗಳು ಅದನ್ನು ಕಣ್ಣು ಮುಚ್ಚಿ ಕೇಳಿ, ಹೆಡ್‌ಫೋನನ್ನು ನಿಧಾನವಾಗಿ ಕೆಳಗಿಟ್ಟು, ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ಒಂದೇ ತಟ್ಟೆಯನ್ನು ಅವಳು ಎಷ್ಟು ಹೊತ್ತು ತೊಳೆದಳೆಂದರೆ ಮೈಕಕ್ಕನೇ ಹೋಗಿ ನಲ್ಲಿ ನಿಲ್ಲಿಸಬೇಕಾಯಿತು. ಕತ್ತರಿಸಿದ್ದನ್ನೇ ಕೊಡೋಣ, ಯಾರಿಗೂ ತಿಳಿಯುವುದಿಲ್ಲ, ಆ ಜಾಗ ಹೇಗಾದರೂ ಸರಿಮಾಡುತ್ತೇನೆ ಎಂದು ಅವಳು ಮಗಳ ಬೆನ್ನಿಗೆ ಹೇಳಿದಳು. ಹೇಳುವಾಗ ತನ್ನ ಧ್ವನಿಯಲ್ಲಿ ಕುಲಸಚಿವರ ಕಾಫಿಯ ವಾಸನೆ ಅವಳಿಗೇ ಬಡಿಯಿತು.

"ನನ್ನ ಮಾತು ಇರ್ಲಿ ಬಿಡು," ಎಂದಳು ಮಗಳು ತಿರುಗದೆ. "ಇಲ್ಲಾಂದ್ರೆ ಅವ್ರು ಒಬ್ಬೊಬ್ರೇ ಮಾತಾಡೋ ಹುಚ್ಚರ ಥರ ಕೇಳಿಸ್ತಾರೆ."

ವಿಚಾರಣೆ ನಡೆದದ್ದು ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ. ಉದ್ದ ಮೇಜು, ಮೇಜಿನ ಗಾಜಿನ ಕೆಳಗೆ ಹಳದಿಗಟ್ಟಿದ ಸುತ್ತೋಲೆಗಳು. ತುದಿಯಲ್ಲಿ ಅಧ್ಯಕ್ಷರಾದ ನಿವೃತ್ತ ನ್ಯಾಯಾಧೀಶರು, ಅವರ ಅಕ್ಕಪಕ್ಕ ಇಬ್ಬರು ಪ್ರಾಧ್ಯಾಪಕರು, ಕಾಗದಪತ್ರ ನೋಡಿಕೊಳ್ಳಲು ಕುಲಸಚಿವರು. ಗೋಡೆಯ ಬದಿಯ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಡಾಕ್ಟರ ಬಳಿ ಸರದಿ ಕಾಯುವವರ ಹಾಗೆ ಕೂತಿದ್ದರು. ಮಗಳನ್ನು ನಿಲ್ಲಿಸಿ ಫೋಟೋ ತೋರಿಸಿ ಪ್ರಶ್ನೆ ಕೇಳುವಷ್ಟರಲ್ಲಿ ಮೈಕಕ್ಕ ಎದ್ದು, ವೈರನ್ನು ಯಾರೂ ಕಿತ್ತಿಲ್ಲ, ಕುಲಸಚಿವರು ಮುಷ್ಟಿ ಹಿಡಿದರು, ಗುಂಡಿ ಇಳಿಸಿದ್ದು ನಾನು, ಇಳಿಸಿದ್ದಕ್ಕೆ ಸಾಕ್ಷಿ ಇದೆ ಎಂದು ರೆಕಾರ್ಡರನ್ನೂ ಒಂದು ಸಣ್ಣ ಸ್ಪೀಕರನ್ನೂ ಮೇಜಿನ ಮೇಲಿಟ್ಟಳು. ಕುಲಸಚಿವರ ಪೆನ್ನು ಅಲ್ಲೇ ನಿಂತಿತು. ಈ ರೆಕಾರ್ಡಿಂಗಿಗೆ ಅನುಮತಿ ಇರಲಿಲ್ಲ, ಇದನ್ನು ಪರಿಗಣಿಸಬಾರದು ಎಂದು ಅವರು ಅಧ್ಯಕ್ಷರ ಕಿವಿಯ ಬಳಿ ಹೇಳಿದರು. ಅನುಮತಿಯ ಮಾತು ಆಮೇಲೆ, ಮೊದಲು ಕಿವಿಗೆ ಬೀಳಲಿ ಎಂದರು ಅಧ್ಯಕ್ಷರು.

ಸ್ಪೀಕರಿನಿಂದ ಮೇಷ್ಟ್ರು ಹೊರಬಂದರು. ಕೋಣೆಯಲ್ಲಿದ್ದ ಎಲ್ಲರೂ ಸ್ವಲ್ಪ ನೆಟ್ಟಗೆ ಕೂತರು, ಹಿರಿಯರು ಯಾರಾದರೂ ಒಳಗೆ ಬಂದಾಗ ಕೂರುವ ಹಾಗೆ. ಸ್ವಲ್ಪ ನೋಡ್ತೀರಾ ಎಂಬ ಮಾತು ಬಂದಾಗ ಯಾರನ್ನು ಕೇಳುತ್ತಿದ್ದಾರೆ ಎಂದು ಅಧ್ಯಕ್ಷರು ತಲೆಯೆತ್ತಿದರು. ನನ್ನನ್ನು ಎಂದಳು ಮೈಕಕ್ಕ. ನಾಲ್ಕು ನಿಮಿಷ ಕಳೆದ ಮೇಲೆ ಕುಲಸಚಿವರು, ವೈರ್ ಕಿತ್ತಿಲ್ಲ ಎಂಬುದು ಸ್ಪಷ್ಟವಾಯಿತಲ್ಲ, ಇನ್ನು ನಿಲ್ಲಿಸಬಹುದು ಎಂದು ಕೈ ಮುಂದೆ ಚಾಚಿದರು. ಅವರ ಮಾತು ನಿಜವೇ. ಅಲ್ಲಿಗೆ ನಿಲ್ಲಿಸಿದ್ದರೆ ಮಗಳು ಬಚಾವು. ಏಳನೆಯ ನಿಮಿಷ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮೈಕಕ್ಕ ಮಗಳ ಕಡೆ ನೋಡಿದಳು. ಮಗಳು ಸ್ಪೀಕರನ್ನೇ ನೋಡುತ್ತಿದ್ದಳು.

"ಅವ್ರು ಇನ್ನೂ ಮುಗ್ಸಿಲ್ಲ ಸರ್," ಎಂದಳು ಮೈಕಕ್ಕ.

ಏಳನೆಯ ನಿಮಿಷ ಬಂತು. ಮಗಳ ಧ್ವನಿ ಆ ಸಣ್ಣ ಕೋಣೆಯಲ್ಲಿ, ಆ ದಿನದ ಹಾಲಿನಲ್ಲಿ ಇದ್ದುದಕ್ಕಿಂತ ದೊಡ್ಡದಾಗಿ ಕೇಳಿಸಿತು. ಮೇಷ್ಟ್ರ ಉತ್ತರ ಅದಕ್ಕಿಂತ ಸಣ್ಣದಾಗಿ. ಪ್ರಾಧ್ಯಾಪಕರೊಬ್ಬರು ಕನ್ನಡಕ ತೆಗೆದು ಒರೆಸತೊಡಗಿದರು. ಅನುಬಂಧ ಆರು ಮುಗಿಯಿತು, ಏಳು ಮುಗಿಯಿತು. ಪುಟ ತಿರುಗಿಸುವ ಸದ್ದು, ಒಣಗಿದ ನಾಲಿಗೆ ಅಂಗುಳಿಗೆ ಅಂಟಿ ಬಿಡಿಸಿಕೊಳ್ಳುವ ಚಟ್ ಚಟ್ ಸದ್ದು, ಕೊನೆಗೆ ಹಾಳೆ ಮಡಚುವ ಸದ್ದು. ಮುಗಿಯಿತು.

ಮೊದಲು ಮಾತಾಡಿದ್ದು ಗೋಡೆ ಬದಿಯ ಹೆಂಗಸು.

"ಅವ್ರಿಗೆ ಕುಡಿಯೋಕೆ ನೀರು ಯಾರೂ ಇಟ್ಟಿರ್ಲಿಲ್ವಾ?"

ಮೇಜಿನ ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುನ್ನೂರು ಜನ, ಎರಡು ಪಕ್ಷ, ಹತ್ತಾರು ಪೊಲೀಸರು ಇದ್ದ ಸಭೆಯ ಬಗ್ಗೆ ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಇಟ್ಟಿದ್ರು," ಎಂದಳು ಮಗಳು. "ಪೋಡಿಯಂ ಹಿಂದೆ ಗ್ಲಾಸಿತ್ತು. ನಾನು ತೆಗೆದುಬಿಟ್ಟೆ."

"ಯಾಕಮ್ಮ?"

"ಗಂಟಲು ಒಣಗಿದ್ರೆ ನಿಲ್ಲಿಸ್ತಾರೆ ಅಂತ."

ಮೈಕಕ್ಕ ಮಗಳ ಕಡೆ ನೋಡಲಾರದೆ ಮೇಜಿನ ಗಾಜಿನ ಕೆಳಗಿನ ಸುತ್ತೋಲೆ ಓದತೊಡಗಿದಳು. ಒಂದಕ್ಷರವೂ ತಲೆಗೆ ಹೋಗಲಿಲ್ಲ. ವೈರ್ ಕಿತ್ತಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅವಳಿಗೆ ಅನಿಸಿತು. ವೈರ್ ಕೀಳುವುದರಲ್ಲಿ ಒಂದು ಹೋರಾಟವಾದರೂ ಇರುತ್ತದೆ. ಮುದುಕರ ಮುಂದಿನ ನೀರಿನ ಲೋಟ ಎತ್ತಿಕೊಂಡು ಹೋಗುವುದನ್ನು ತಾನು ಮಗಳಿಗೆ ಯಾವತ್ತು ಕಲಿಸಿದೆ ಎಂದು ಹುಡುಕುತ್ತಿದ್ದವಳಿಗೆ ಗುಂಡಿಯ ಮೇಲಿದ್ದ ತನ್ನ ಬೆರಳು ನೆನಪಾಯಿತು.

ಮೇಷ್ಟ್ರ ಹೆಂಡತಿ ಹುಡುಗಿಯ ಕಡೆ ತಿರುಗಿದರು.

"ಮನೇಲಿ ನಾನೂ ಹಂಗೇ ಅಂದ್ಕೋತಿದ್ದೆ," ಎಂದರು. "ಇವತ್ತು ನಿಲ್ಲಿಸ್ತಾರೆ, ಈಗ ನಿಲ್ಲಿಸ್ತಾರೆ ಅಂತ. ನಲವತ್ತು ವರ್ಷ. ಅವ್ರು ಶುರು ಮಾಡಿದ್ದನ್ನ ಎಲ್ಲೂ ನಿಲ್ಲಿಸೋರಲ್ಲ."

ಕೈಚೀಲದ ಜಿಪ್ಪು ಹಾಕಿಕೊಂಡು ಎದ್ದು ಹೋದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಶಾಪವನ್ನೂ ಹಾಕಲಿಲ್ಲ.

ಸಮಿತಿಯ ವರದಿ ಒಂದು ತಿಂಗಳ ಮೇಲೆ ಬಂತು. ವೈರ್ ಕಿತ್ತಿಲ್ಲ, ಡಿಬಾರ್ ಇಲ್ಲ. ಅವಾಚ್ಯ ಮಾತಿಗಾಗಿ ಒಂದು ಸೆಮಿಸ್ಟರ್ ತರಗತಿಯಿಂದ ಹೊರಗೆ. ಲಿಖಿತ ಆದೇಶವಿಲ್ಲದೆ ಧ್ವನಿ ನಿಲ್ಲಿಸಿದ ಮೈಕಕ್ಕನನ್ನು ಗಾಜಿನ ಕೋಣೆಯಿಂದ ಎತ್ತಿ ಹಳೆಯ ಉತ್ತರಪತ್ರಿಕೆ ಕಟ್ಟಿಡುವ ಗೋದಾಮಿಗೆ ಹಾಕಿದರು. ಮುಷ್ಟಿಗೆ ಸಾಕ್ಷಿ ಸಿಗಲಿಲ್ಲ ಎಂದು ಒಂದು ಸಾಲು ಇತ್ತು. ಹನ್ನೊಂದು ನಿಮಿಷದ ಭಾಷಣವನ್ನು ಯಾರಾದರೂ ಪೂರ್ತಿ ಪ್ರಕಟಿಸಿಯಾರು ಎಂದು ಅವಳು ಪತ್ರಿಕೆಗಳನ್ನು ತಿರುವಿ ಹಾಕಿದಳು. ಬೇಡ ಎಂದಿದ್ದವರು ಎರಡು ಸಾಲು ಹೆಕ್ಕಿ ಜಗಳಕ್ಕೆ ನಿಂತರು, ಬೇಕು ಎಂದಿದ್ದವರು ಬೇರೆ ಎರಡು ಸಾಲು. ಟೀವಿಯವರಿಗೆ ಬೇಕಾದದ್ದು ಆರು ಸೆಕೆಂಡು ಮಾತ್ರ. ಅದು ಅವರ ಕೈಗೆ ಹೇಗೆ ಸಿಕ್ಕಿತೋ, ವಾರವಿಡೀ ಬಂತು. ಕ್ಯಾಂಟೀನಿನಲ್ಲಿ ಈಗ ಮಗಳಿಗೆ ಯಾರೂ ಜಾಗ ಬಿಡುತ್ತಿರಲಿಲ್ಲ ಎಂದು ಅವಳ ಗೆಳತಿಯೊಬ್ಬಳು ಹೇಳಿದಳು. ವೈರು ಎನ್ನುತ್ತಿದ್ದವರು ಈಗ ಹೆಸರನ್ನೇ ಹೇಳುತ್ತಿರಲಿಲ್ಲ.

ಹತ್ತು ಜನರೆದುರು ಗಟ್ಟಿಯಾಗಿ ಕೇಳಿಸಿಬಿಟ್ಟರೆ ಆ ಧ್ವನಿ ತನ್ನ ಕಿವಿ ಬಿಟ್ಟುಹೋದೀತು ಎಂದು ಮೈಕಕ್ಕ ನಂಬಿದ್ದಳು. ಗೋದಾಮಿನಲ್ಲಿ ಸ್ಪೀಕರಿಲ್ಲ, ತಂತಿಯಿಲ್ಲ, ನೆಲದಿಂದ ಸೂರಿನವರೆಗೆ ಕಾಗದವೇ. ಅಲ್ಲಿ ಫ್ಯಾನು ಹಾಕಿದರೆ ಸಾವಿರಾರು ಪುಟಗಳು ಒಮ್ಮೆಗೇ ತುಸು ಮೇಲೆದ್ದು ಕೂರುತ್ತಿದ್ದವು. ಅವಳು ಫ್ಯಾನು ಹಾಕುವುದನ್ನೇ ಬಿಟ್ಟಳು.

ಒಂದು ಸಂಜೆ ತಾಯಿ ಮಗಳು ಊಟಕ್ಕೆ ಕೂತಿದ್ದರು. ಪಕ್ಕದ ಮನೆಯವರ ಟೀವಿ ಗೋಡೆಯಾಚೆಯಿಂದ ಕೇಳುತ್ತಿತ್ತು. ಯಾವುದೋ ಹೊಸ ಭಾಷಣ, ಯಾವುದೋ ಹೊಸ ಕರೆಯಬಾರದಿತ್ತು, ಅದರ ನಡುವೆ ಹಳೆಯದೆಂದು ಆ ಆರು ಸೆಕೆಂಡು ಮತ್ತೆ ಹಾಕಿದರು. ಮಗಳದೇ ಧ್ವನಿ, ಇಟ್ಟಿಗೆ ಗಾರೆ ದಾಟಿ ಬರುವಷ್ಟರಲ್ಲಿ ಬೇರೆ ಯಾರದೋ ಆಗಿತ್ತು. ಸಾಯಿ ಎಂಬಲ್ಲಿಗೆ ಕತ್ತರಿಸಿ ಜಾಹೀರಾತು ಶುರುಮಾಡಿದರು. ತುತ್ತು ಎತ್ತಿದ್ದ ಮಗಳ ಕೈ ಹಾಗೇ ನಿಂತಿತು. ಮೈಕಕ್ಕ ಅವಳ ಮುಖ ನೋಡಿದಳು. ಮೇಷ್ಟ್ರ ಉತ್ತರ ನಿನಗೂ ಕೇಳುತ್ತಾ ಎಂದು ಕೇಳುವ ಅಗತ್ಯವಿರಲಿಲ್ಲ; ಹುಡುಗಿ ತಲೆಯನ್ನು ತುಸು ವಾಲಿಸಿ, ಹಿರಿಯರು ಮಾತಾಡುವಾಗ ಕೂರುವ ಹಾಗೆ ಕೂತಿದ್ದಳು. ಗೋಡೆಯಾಚೆ ಯಾರೋ ಟೀವಿ ಆರಿಸಿದರು. ಈಚೆ ಮನೆಯಲ್ಲಿ ಇಬ್ಬರೂ ಅವರ ಉಳಿದ ಎರಡು ಪುಟ ಮುಗಿಯುವವರೆಗೆ ತಟ್ಟೆ ಮುಟ್ಟಲಿಲ್ಲ.